ಹತ್ತಕ್ಕೆ ಹತ್ತು

ಇಲ್ಯಾಸ್ ಅವತ್ತು ಸ್ಟೀಲ್ ಬಕೆಟ್ಟಿನಲ್ಲಿ ತಂದ,
ಬಾಳೆ ಎಲೆ ಮುಚ್ಚಿ, ಅವರಪ್ಪನ ಅಂಗಡಿಯಿಂದ,
ಕುರಿಯ ಎರಡು ಶ್ವಾಸಕೋಶ, ನಾಳದ ಸಮೇತ.
ಪಾದರಾಯನಪುರದ ನಮ್ಮ ಸರ್ಕಾರಿ ಶಾಲೆಯಲ್ಲಿ
ಲ್ಯಾಬ್ ಅಂದರೆ ಒಂದು ಬೀರು,
ಬೀಗದ ಕೈ ಹೆಡ್‌ಮಾಸ್ಟರ ಮನೆಯಲ್ಲಿ.

ಸುಗುಣಮಣಿ ಮಿಸ್ ಮೇಜಿನ ಮೇಲೆ ಪೇಪರ್ ಹಾಸಿದರು.
"ಮುಟ್ಟಿ ನೋಡಿ, ಕಚ್ಚಲ್ಲ."
ಮಾಸಿದ ಗುಲಾಬಿ ಬಣ್ಣ,
ಒಗೆದೂ ಒಗೆದೂ ಬಿಳಿಚಿದ ರಿಬ್ಬನ್ನಿನ ಹಾಗೆ.
ಪಂಕ್ಚರ್ ಅಂಗಡಿಯಿಂದ ಸಾಲ ತಂದ ಸೈಕಲ್ ಪಂಪನ್ನು
ನಾಳಕ್ಕೆ ಸಿಕ್ಕಿಸಿ ಇಲ್ಯಾಸ್
ಒಂದು ಸಲ ಒತ್ತಿದ.
ಅದು ಎದ್ದಿತು.

ಹಿಂದಿನ ಬೆಂಚಿನವರೂ ನಗಲಿಲ್ಲ.

ಉಚ್ಛ್ವಾಸ ಯಾವುದು, ನಿಶ್ವಾಸ ಯಾವುದು,
ನನಗೆ ಇವತ್ತಿಗೂ ಅದಲುಬದಲು.
ಮಿಸ್ ಹೇಳಿಕೊಟ್ಟಿದ್ದರು: "ಉ ಅಂದರೆ ಉಣ್ಣೋದು,
ನಿ ಅಂದರೆ ನೀಗೋದು."
ಆಮೇಲೆ ಒಂದು ಲೆಕ್ಕ ಎಸೆದರು:
ಮನುಷ್ಯರ ಎದೆಯೊಳಗಿನ ಗಾಳಿಗೂಡುಗಳನ್ನೆಲ್ಲ
ಬಿಡಿಸಿ ನೆಲಕ್ಕೆ ಹಾಸಿದರೆ
ಎಪ್ಪತ್ತು ಚದರ ಮೀಟರ್.

ನಮ್ಮ ಮನೆ ಹತ್ತಕ್ಕೆ ಹತ್ತು. ಅಡಿಗಳಲ್ಲಿ.
ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಭಾಗಿಸಿದೆ:
ಏಳು ಮನೆ, ಮೇಲೆ ಬಚ್ಚಲಿಗಾಗುವಷ್ಟು ಶೇಷ.
ನಮ್ಮ ವಠಾರದಲ್ಲಿರುವುದೂ ಏಳೇ ಮನೆ.
ಅಂದರೆ ಇಡೀ ವಠಾರ,
ಕೊಳಾಯಿಯ ಸಾಲು, ಬಟ್ಟೆ ಹಗ್ಗ, ಮುನಿಯಲ್ಲಮ್ಮನ ಕೋಳಿಗೂಡು ಸಹಿತ,
ಒಬ್ಬೊಬ್ಬರ ಪಕ್ಕೆಲುಬಿನೊಳಗೂ ಮಡಿಸಿಟ್ಟಿದೆ.
ಓನರ್ ಬಸವಲಿಂಗಪ್ಪನಿಗೆ ಗೊತ್ತಾದರೆ
ಅದಕ್ಕೂ ಅಡ್ವಾನ್ಸ್ ಕೇಳುತ್ತಾನೆ.

ಗೋಡೆ ಒಂದೇ ಕೋಶದಷ್ಟು ತೆಳು, ಅಂದರು ಮಿಸ್.
ಅದು ನನಗೆ ಹೊಸದಲ್ಲ.
ಆಚೆ ಜುಬೇದಾ ಆಂಟಿ ಈರುಳ್ಳಿ ಹುರಿದರೆ
ಈಚೆ ನಮ್ಮ ಅನ್ನಕ್ಕೆ ರುಚಿ.
ಅಪ್ಪ ಅಮ್ಮ ಜಗಳ ಶುರು ಮಾಡಿದರೆ
ಅವರ ಟೀವಿ ಸಣ್ಣಗಾಗುತ್ತದೆ.
ಬಟ್ಟಲು ಆ ಕಡೆ ಹೋಗುತ್ತದೆ ಸಾರು ತುಂಬಿಕೊಂಡು,
ಬರಿದಾಗಿ ಬರುವುದಿಲ್ಲ,
ಒಂದು ಹಿಡಿ ಸಕ್ಕರೆಯಾದರೂ, ಎರಡು ಬಾಳೆಹಣ್ಣಾದರೂ;
ಖಾಲಿ ಪಾತ್ರೆ ವಾಪಸ್ಸು ಕೊಡಬಾರದು.
ರಕ್ತಕ್ಕೂ ಅದೇ ಮರ್ಯಾದೆ:
ತಂದದ್ದನ್ನು ಕೊಟ್ಟು, ಕೊಟ್ಟದ್ದನ್ನು ಹೊತ್ತು
ಬಾಗಿಲು ತಟ್ಟದೆ ಹೋಗುತ್ತದೆ.
ಅನಿಲ ವಿನಿಮಯ. ಎರಡೆರಡು ಗೆರೆ ಎಳೆದೆ ಕೆಳಗೆ.

"ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ,
ತಾನಾಗಿ, ಯಾರೂ ತಳ್ಳದೆ."
ಅದೊಂದು ಮಾತು ಮಾತ್ರ ನಂಬಲಾಗಲಿಲ್ಲ.
ನಾನು ಕಂಡ ಬೇರೇನೂ ಹಾಗೆ ಹರಿಯುವುದಿಲ್ಲ.

ಹೋಂವರ್ಕ್: ಮನೆಯವರ ಉಸಿರು ಎಣಿಸಿ, ನಿಮಿಷಕ್ಕೆ ಎಷ್ಟು.
ಎಣಿಸುತ್ತೀವಿ ಅಂತ ಹೇಳಬೇಡಿ,
ಹೇಳಿದರೆ ಉಸಿರು ಸುಳ್ಳಾಡುತ್ತದೆ.
ಅಪ್ಪ ಹದಿನಾಲ್ಕು. ತಮ್ಮ ಇಪ್ಪತ್ತು, ಸೋರುವ ಮೂಗಿನಲ್ಲೇ.
ಅಮ್ಮ ಹಗಲು ಸಿಗಲಿಲ್ಲ.
ಮಣೆಯ ಮುಂದೆ ಕೂತು ಅಗರಬತ್ತಿ ಹೊಸೆಯುತ್ತಾಳೆ,
ಕಡ್ಡಿ, ಕಪ್ಪು ಹಿಟ್ಟು, ಅಂಗೈ, ಮತ್ತೆ ಕಡ್ಡಿ,
ಸಾವಿರಕ್ಕೆ ಇಷ್ಟು ಅಂತ.
ಕೈ ಅಷ್ಟು ಜೋರಾಗಿ ಓಡುವಾಗ
ಎದೆ ಎಲ್ಲಿ ಏರಿತು ಎಲ್ಲಿ ಇಳಿಯಿತು ತಿಳಿಯದು.
ಹೊಗೆ ಊರಿನ ದೇವರಿಗೆಲ್ಲ ಹೋಗುತ್ತದೆ.
ಪುಡಿ ನಮ್ಮಲ್ಲೇ ಉಳಿಯುತ್ತದೆ.

ರಾತ್ರಿ, ಮೈಸೂರು ರಸ್ತೆಯ ಲಾರಿಗಳು
ಮುಕ್ಕಿರಿಯುತ್ತ ಫ್ಲೈಓವರ್ ಹತ್ತುವ ಹೊತ್ತಿನಲ್ಲಿ,
ಅಪ್ಪನ ವಾಚು ಹಿಡಿದು ಅವಳ ಪಕ್ಕ ಮಲಗಿದೆ.
ಸೆರಗಿನ ಅಂಚು ಏರಿ, ಇಳಿದು, ಏರಿ.
ಎಣಿಸಿದೆ. ವಾಚು ನಿಂತಿಲ್ಲ ತಾನೇ ಎಂದು ಕಿವಿಗಿಟ್ಟುಕೊಂಡೆ.
ಮತ್ತೆ ಎಣಿಸಿದೆ.
ಇಪ್ಪತ್ತಾರು.
ಪುಸ್ತಕದಲ್ಲಿ ಹನ್ನೆರಡರಿಂದ ಇಪ್ಪತ್ತು ಅಂತಿದೆ.
ಪುಸ್ತಕಕ್ಕೆ ಬೇಜಾರಾಗಬಾರದು ಅಂತ
ರಬ್ಬರಿನಿಂದ ಉಜ್ಜಿ
ಎರಡನ್ನು ಒಂದು ಮಾಡಿದೆ.

ಮಿಸ್ ಕೆಂಪು ಇಂಕಿನಲ್ಲಿ ಹಾಕಿದರು: ಹತ್ತಕ್ಕೆ ಹತ್ತು.
ಅಮ್ಮ ಅಂಗೈ ಸೆರಗಿಗೆ ಒರೆಸಿಕೊಂಡೇ ಹಾಳೆ ಮುಟ್ಟಿದಳು,
ಆದರೂ ಅಂಕದ ಪಕ್ಕ ಒಂದು ಹೆಬ್ಬೆರಳಿನ ಕಪ್ಪು.
"ಏನು ಲೆಕ್ಕ ಇದು?" ಅಂದಳು, ಕೆಮ್ಮು ನುಂಗುತ್ತ.
ನಾನು ಉಸಿರು ಬಿಡಲಿಲ್ಲ.